ಅಪ್‌ಡೇಟ್: ಹಾಸನದ ನಮ್ಮ ಓದುಗರ ಬಳಗ ಕಾದಂಬರಿ ಬಿಟ್ಟು ಸಣ್ಣಕಥೆಗೆ ಬಂದ ಮೇಲೆ

ಹಾಸನದಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಓದುಗರ ಬಳಗಕ್ಕೆ ಪುಸ್ತಕ ಓದದೆಯೇ ಬರುವವರು ಹೆಚ್ಚುತ್ತಿದ್ದಾರೆ, ಏನು ಮಾಡಬೇಕು ಎಂದು ಹಿಂದೆ ಕೇಳಿದ್ದೆ. ಕಾದಂಬರಿಯ ಬದಲು ಸಣ್ಣಕಥೆಯನ್ನು ಆರಿಸಿ, ಅದನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿಸಿ ಎಂದು ಹಲವರು ಸಲಹೆ ನೀಡಿದ್ದರು, ಅದರಂತೆಯೇ ನಡೆದುಕೊಂಡೆವು.

ಆಯ್ಕೆಗೆ ತಡಕಾಡಬೇಕಾಗಲಿಲ್ಲ. ನಮ್ಮೂರಿನವರೇ ಆದ ಬಾನು ಮುಷ್ತಾಕ್ ಅವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮೇಲೆ ಅವರ ಹೆಸರು ಕೇಳದವರಿಲ್ಲವಾದರೂ, ಮೂಲ ಕನ್ನಡ ಕಥೆಗಳನ್ನು ಓದಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟೇ ಇದ್ದರು. (ಸನ್ಮಾನಕ್ಕೆ ಹಾರ ತರುವಾಗ ಇರುವ ಉತ್ಸಾಹ ಪುಸ್ತಕ ಕೊಳ್ಳುವಾಗ ಇರುವುದಿಲ್ಲ.) ಒಬ್ಬರು ಒಂದೆರಡು ಪುಟ ಓದಿ ಪಕ್ಕದವರಿಗೆ ಪುಸ್ತಕ ದಾಟಿಸುತ್ತಾ ಹೋದಂತೆ, ಸದಾ ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾ ಕೂರುತ್ತಿದ್ದ ನಿವೃತ್ತ ಮೇಷ್ಟರೊಬ್ಬರು ಓದನ್ನು ತಡೆದು, “ಆ ಸಾಲನ್ನು ಇನ್ನೊಮ್ಮೆ ಓದಿ, ಅದು ಯಾರ ಮಾತು?” ಎಂದು ಕೇಳಿದರು, ಚರ್ಚೆ ಅಲ್ಲಿಂದಲೇ ಶುರುವಾಯಿತು.

ಸಮಯಪಾಲನೆ ಮಾತ್ರ ಸುಧಾರಿಸಿಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಕಥೆಯೊಂದನ್ನು ಮುಂದಿನ ಸಭೆಗೆ ಆರಿಸಿದ್ದೇವೆ. ಗಟ್ಟಿಯಾಗಿ ಓದಲು ಹಿಂಜರಿಯುವವರು ಸುಮ್ಮನೆ ಕೇಳುತ್ತಾ ಕೂರಬಹುದು ಎಂದೂ ತೀರ್ಮಾನಿಸಿದ್ದೇವೆ.