ಒಂದೇ ಮಾತ್ರೆ, ಅಕ್ಕನಿಗೆ ಹುಣ್ಣು, ನನಗೆ ಏನೂ ಇಲ್ಲ: ಜೀನ್ ಕಾರಣವೇ?

ಹೊಲಿಗೆಮನೆ:
ನನಗೂ ಅಕ್ಕನಿಗೂ ಮಂಡಿನೋವು. ಇಬ್ಬರೂ ದಿನವಿಡೀ ಮಿಷನ್ ತುಳಿಯುವವರು. ಇಬ್ಬರಿಗೂ ಒಂದೇ ಚೀಟಿ: ನೋವಿನ ಮಾತ್ರೆ ಪೈರಾಕ್ಸಿಕ್ಯಾಮ್ 20 ಮಿಲಿಗ್ರಾಂ, ದಿನಕ್ಕೊಂದು, ಊಟ ಆದ ಮೇಲೆ. ಎರಡನೇ ವಾರ ಅಕ್ಕನಿಗೆ ಮಲ ಡಾಂಬರಿನಂತೆ ಕಪ್ಪಾಯಿತು. ಎಂಡೋಸ್ಕೋಪಿ ಮಾಡಿದಾಗ ಹೊಟ್ಟೆಹುಣ್ಣು. ನಾನೋ, ಅದೇ ಕ್ಯಾಪ್ಸೂಲ್ ನುಂಗಿ ಮುದ್ದೆ ಉಪ್ಸಾರು ಹೊಡೆದುಕೊಂಡಿದ್ದೆ. ಒಂದೇ ತಾಯಿ ಮಕ್ಕಳು ಅಲ್ವಾ? ಯಾವ ಜೀನ್ ನನ್ನನ್ನು ಕಾಯಿತು?

ಮೆಡಿಕಲ್‌ಸ್ಟೋರಿನವ:
ಒಂದೇ ತಾಯಿಯಾದರೂ ಪಾಲು ಬೇರೆ ಬೇರೆ. ಪೈರಾಕ್ಸಿಕ್ಯಾಮನ್ನು ಮೈಯಿಂದ ಹೊರಗೆ ಹಾಕಲು ಲಿವರಿಗೆ ಸಿವೈಪಿ2ಸಿ9 ಎಂಬ ಎಂಜೈಮ್ ಬೇಕು. ಅದರ ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಎರಡೂ ಮಂದವಾಗಿದ್ದರೆ ಮಾತ್ರೆ ರಕ್ತದಲ್ಲೇ ಉಳಿದು ಸೇರುತ್ತಾ ಹೋಗುತ್ತದೆ. ಮೊದಲೇ ಇದು ನಿಧಾನದ ಔಷಧ, ಅರ್ಧ ಇಳಿಯಲು ಸುಮಾರು 50 ಗಂಟೆ! ಅಂಥವರಿಗೆ ಬೇರೆ ಮಾತ್ರೆ ಕೊಡಿ ಅಂತ 2020ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ.

ಆದರೆ ಹುಣ್ಣಾಗುವುದು ಬೇರೆ ದಾರಿಯಲ್ಲಿ. ಹೊಟ್ಟೆಯ ಒಳಗೋಡೆಗೆ ಲೋಳೆಯ ಕವಚ ಹಾಕಿಸುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ನೋವಿನ ಮಾತ್ರೆ ಅದನ್ನೇ ತಡೆಯುತ್ತದೆ. ಊಟ ಆದ ಮೇಲೆ ನುಂಗಿದರೂ ಅಷ್ಟೇ, ಏಕೆಂದರೆ ಕೆಲಸ ರಕ್ತದ ಮೂಲಕವೂ ನಡೆಯುತ್ತದೆ. ಅಕ್ಕ ಬೇರೇನಾದರೂ ತೆಗೆದುಕೊಳ್ಳುತ್ತಾರಾ? ಆಸ್ಪಿರಿನ್, ಸ್ಟೀರಾಯ್ಡ್?

ಬೆಟ್ಟದಬದಿ:
ನಮ್ಮ ರಾಮನಗರದ ರಣಹದ್ದುಗಳ ನೆನಪಾಯಿತು. ಡೈಕ್ಲೋಫೆನಾಕ್ (ಇದೂ ಇದೇ ಜಾತಿಯ ನೋವಿನ ಔಷಧ) ಚುಚ್ಚಿದ ದನದ ಹೆಣ ತಿಂದು ಏಷ್ಯಾದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿವೆ ಅಂತ 2004ರಲ್ಲಿ ಗೊತ್ತಾಯಿತು. 2006ರಲ್ಲಿ ದನಗಳಿಗೆ ಅದನ್ನು ಭಾರತ ನಿಷೇಧಿಸಿತು. ಅಮೆರಿಕದ ಟರ್ಕಿ ರಣಹದ್ದಿಗೆ ನೂರು ಪಟ್ಟು ಜಾಸ್ತಿ ಕೊಟ್ಟರೂ ಏನೂ ಆಗಲಿಲ್ಲ. ಎರಡೂ ಹದ್ದೇ, ಹೆಸರಿಗೆ.

ಹೊಲಿಗೆಮನೆ:
ಅಯ್ಯೋ! ಅಕ್ಕನಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ರಾತ್ರಿ ಆಸ್ಪಿರಿನ್ 75 ನುಂಗುತ್ತಾಳೆ. ಮಂಡಿ ಡಾಕ್ಟರಿಗೆ ಹೇಳಿಯೇ ಇಲ್ಲ. "ಮಂಡಿಗೂ ಹಾರ್ಟಿಗೂ ಏನು ಸಂಬಂಧ" ಅಂತಾಳೆ.

ಮೆಡಿಕಲ್‌ಸ್ಟೋರಿನವ:
ಹಾಗಾದರೆ ಜೀನನ್ನು ಆಮೇಲೆ ಹುಡುಕೋಣ. ಆಸ್ಪಿರಿನ್ ಜೊತೆ ಸೇರಿದರೆ ಹುಣ್ಣಿನ ಅಪಾಯ ಜಾಸ್ತಿ. ಹಾಗಂತ ಅದನ್ನು ಅಕ್ಕ ತಾವಾಗೇ ನಿಲ್ಲಿಸಬಾರದು, ಹಾರ್ಟ್ ಡಾಕ್ಟರನ್ನು ಕೇಳಲಿ. ಹೊಟ್ಟೆಹುಣ್ಣು ತರುವ ಬ್ಯಾಕ್ಟೀರಿಯಾ ಎಚ್. ಪೈಲೋರಿ ಇದೆಯಾ ಅಂತ ಟೆಸ್ಟೂ ಮಾಡಿಸಿ. ಮತ್ತೆ ನೀವು, ನನಗೇನೂ ಆಗಿಲ್ಲ ಅಂತ ಸುಮ್ನೆ ಇನ್ನೊಂದು ಸ್ಟ್ರಿಪ್ ತರಬೇಡಿ.

ಹೊಲಿಗೆಮನೆ:
ಬೆಳಿಗ್ಗೆಯೇ ತಂದುಬಿಟ್ಟೆ.