ಬ್ಯಾಂಕಾಕ್‌ಗೆ ನಾವಿಬ್ಬರೇ: ನದಿಯ ಕಡೆಯ ಕೋಣೆಗೆ ಅಷ್ಟು ಹಣ ಕೊಡಬಹುದೇ?

ಸಂಜೆಮಲ್ಲಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೊದಲ ವಾರದಲ್ಲಿ ನಾನೂ ನಮ್ಮವರೂ ಬ್ಯಾಂಕಾಕ್‌ಗೆ ಹೊರಟಿದ್ದೇವೆ. ಇಬ್ಬರೇ. ಮದುವೆಯಾದಾಗಿನಿಂದ ನಾವು ಹೋದದ್ದೆಲ್ಲ ಬಳಗ ಕಟ್ಟಿಕೊಂಡ ಪ್ರವಾಸಗಳೇ. ಅತ್ತೆ, ಮಾವ, ಮಕ್ಕಳು, ನಾದಿನಿಯ ಸಂಸಾರ, ಟೆಂಪೋ ಟ್ರಾವೆಲರ್‌ನ ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬಿ. ಆ ದಿನಗಳು ಚೆನ್ನಾಗಿಯೇ ಇದ್ದವು. ಆದರೆ ಎಲ್ಲಿಗೆ ಹೋದರೂ ನಾನು ಹೆಂಗಸರ ಕೋಣೆಯಲ್ಲಿ, ಅವರು ಗಂಡಸರ ಕೋಣೆಯಲ್ಲಿ. ಈಗ ಮಗಳು ಹಾಸ್ಟೆಲ್ ಸೇರಿದ್ದಾಳೆ. ಅತ್ತೆಯವರು ಮೈದುನನ ಮನೆಯಲ್ಲಿ ಸ್ವಲ್ಪ ದಿನ ಇರುತ್ತೇನೆಂದು ತಾವಾಗಿಯೇ ಹೇಳಿ, "ನೆಮ್ಮದಿಯಾಗಿ ಹೋಗಿ ಬನ್ನಿ" ಎಂದು ಹರಸಿದ್ದಾರೆ.

ನನ್ನ ಪ್ರಶ್ನೆ ಹೋಟೆಲಿನದು. ನಾವು ಕೂಡಿಟ್ಟ ಹಣದಲ್ಲಿ ಸುಖುಮ್ವಿತ್ ಕಡೆ, ಸ್ಕೈಟ್ರೇನ್ ನಿಲ್ದಾಣದ ಪಕ್ಕದ ಅಚ್ಚುಕಟ್ಟಾದ ಹೋಟೆಲಿನಲ್ಲಿ ಐದು ರಾತ್ರಿ ಇರಬಹುದು. ಇಲ್ಲವೇ ಚಾವೊ ಫ್ರಯಾ ನದಿಯ ದಡದ ದೊಡ್ಡ ಹೋಟೆಲೊಂದರಲ್ಲಿ ಮೂರು ರಾತ್ರಿ. ನಮ್ಮವರು ನೀರಾವರಿ ಇಲಾಖೆಯ ಎಂಜಿನಿಯರ್. "ದಿನವಿಡೀ ಕಾಲುವೆ, ತೂಬು ನೋಡುವವನಿಗೆ ಕಿಟಕಿಯಿಂದ ನೀರು ತೋರಿಸಲು ಇಷ್ಟೊಂದು ಹಣವೇ? ಹೊಳೆ ನೋಡಬೇಕಾದರೆ ದೋಣಿ ಹತ್ತಿದರಾಯಿತು" ಎನ್ನುತ್ತಾರೆ. ನನಗೆ ನದಿಯ ಕೋಣೆಯೇ ಬೇಕು. ಬೆಳಿಗ್ಗೆ ಯಾರಿಗೂ ಕಾಫಿ ಬೆರೆಸದೆ, ಪರದೆ ಸರಿಸಿ, ಅವರ ಪಕ್ಕದಲ್ಲಿ ಕುಳಿತು ಸುಮ್ಮನೆ ಹೊರಗೆ ನೋಡಬೇಕು. ಈ ಆಸೆಗೆ ಲೆಕ್ಕದ ಭಾಷೆಯಲ್ಲಿ ಸಮರ್ಥನೆ ಕೊಡಲು ನನಗೆ ಬರುತ್ತಿಲ್ಲ. ಉಳಿದು ಬಂದವರು ಹೇಳಿ. ನಾನು ಸಸ್ಯಾಹಾರಿ, ಅವರಿಗೆ ಮೊಣಕಾಲು ನೋವು, ಬಹಳ ನಡೆಯಲಾರರು.

ಅಲೆಮಾರಿ ಉತ್ತರಿಸಿದ್ದು:

ಹೋಟೆಲ್ ಎಂದರೆ ರಾತ್ರಿ ಮಲಗುವುದಕ್ಕೆ, ಅಷ್ಟೇ. ಸುಖುಮ್ವಿತ್‌ನಲ್ಲಿ ಉಳಿಯಿರಿ. ಸ್ಕೈಟ್ರೇನ್ ಕೈಗೆಟುಕುವಂತಿರುತ್ತದೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ತಾಪತ್ರಯವಿಲ್ಲ. ಅರಮನೆ, ವಾಟ್ ಫೋ, ವಾಟ್ ಅರುಣ್ ದೇವಾಲಯಗಳು ಒಂದು ದಿನ, ಹಳೆಯ ರಾಜಧಾನಿ ಅಯುತ್ಥಾಯ ಒಂದು ದಿನ, ವಾರಾಂತ್ಯವಾದರೆ ಚಾತುಚಾಕ್ ಸಂತೆ ಒಂದು ದಿನ. ಉಳಿದ ಹಣದಲ್ಲಿ ಒಂದು ಸಂಜೆ ನದಿಯಲ್ಲಿ ಊಟದ ದೋಣಿ ಹತ್ತಿ. ಅಷ್ಟು ದೂರ ಹೋಗಿ ಕೋಣೆಯಲ್ಲಿ ಕೂರುವುದು ನನಗಂತೂ ಸರಿಕಾಣುವುದಿಲ್ಲ.

ಹಳೆಯ ರಿಸೆಪ್ಷನ್ ಉತ್ತರಿಸಿದ್ದು:

ಸಂಜೆಮಲ್ಲಿಗೆ ಅವರೇ, ಮೇಲಿನ ಸಲಹೆ ಊರು ನೋಡಲು ಹೊರಟವರಿಗೆ ಒಪ್ಪುತ್ತದೆ. ನಿಮಗೆ ಒಪ್ಪುವುದಿಲ್ಲ. ಹೋಟೆಲಿನ ರಿಸೆಪ್ಷನ್ ಮೇಜಿನ ಹಿಂದೆ ನಿಂತೇ ನನ್ನ ಉದ್ಯೋಗಜೀವನ ಕಳೆಯಿತು, ಅದರಲ್ಲಿ ಒಂದಷ್ಟು ಕಾಲ ಬ್ಯಾಂಕಾಕ್‌ನಲ್ಲೇ. ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿ, ರಾತ್ರಿ ಹತ್ತಕ್ಕೆ ಕಾಲೆಳೆದುಕೊಂಡು ಬಂದು ಕೀಲಿ ಕೇಳುವ ದಂಪತಿಗಳನ್ನು ದಿನವೂ ನೋಡುತ್ತಿದ್ದೆ. ಕೋಣೆಗೆ ಹಣ ತೆತ್ತು ಕೋಣೆಯನ್ನೇ ಕಾಣದೆ ಹೋಗುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು. ನೀವು ಹೊರಟಿರುವುದು ಒಬ್ಬರ ಜೊತೆ ಒಬ್ಬರು ಇರಲು. ಹಾಗಾದರೆ ರಾತ್ರಿಗಳು ಕಡಿಮೆಯಾಗಲಿ, ಕೋಣೆ ನದಿಯದೇ ಆಗಲಿ. ಒಂದೇ ಷರತ್ತು: ಮಧ್ಯಾಹ್ನ ಹನ್ನೆರಡರಿಂದ ಸಂಜೆಯವರೆಗೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ಆ ಹೊತ್ತಿನ ಬಿಸಿಲಿನಲ್ಲಿ ದೇವಸ್ಥಾನದ ಅಂಗಳ ಸುತ್ತಿದರೆ ಯಜಮಾನರ ಮೊಣಕಾಲಿಗೂ ಕಷ್ಟ.

ಮೊದಲು ನಿರ್ಧರಿಸಬೇಕಾದದ್ದು ಯಾವ ಹೋಟೆಲ್ ಎಂಬುದಲ್ಲ, ಯಾವ ದಡ ಎಂಬುದು. ಮ್ಯಾಂಡರಿನ್ ಓರಿಯೆಂಟಲ್ ಮತ್ತು ಶಾಂಗ್ರಿ-ಲಾ ಪೂರ್ವದ ದಡದಲ್ಲಿವೆ. 1876ರಲ್ಲಿ 'ಓರಿಯೆಂಟಲ್' ಎಂಬ ಹೆಸರಿನಲ್ಲಿ ಶುರುವಾದದ್ದು ಮೊದಲನೆಯದು. ಅಲ್ಲಿನ ನದಿಯ ಕೋಣೆಗಳು ಪಶ್ಚಿಮಕ್ಕೆ ನೋಡುತ್ತವೆ, ಸೂರ್ಯ ಎದುರಿನ ಥೊನ್‌ಬುರಿ ದಡದ ಹಿಂದೆ ಇಳಿಯುತ್ತಾನೆ. 1998ರಲ್ಲಿ ತೆರೆದ ಪೆನಿನ್ಸುಲಾ ಇರುವುದು ಆ ಥೊನ್‌ಬುರಿ ದಡದಲ್ಲೇ. ಅಲ್ಲಿಂದ ಬೆಳಗಿನ ಬಿಸಿಲು ನಗರದ ಗೋಪುರಗಳ ನಡುವಿನಿಂದ ನೇರ ಹಾಸಿಗೆಗೆ ಬರುತ್ತದೆ, ರಾತ್ರಿ ನಗರದ ದೀಪಗಳೆಲ್ಲ ಎದುರಿಗಿರುತ್ತವೆ. ನದಿ ಅಂಕುಡೊಂಕಾಗಿ ಹರಿಯುವುದರಿಂದ ಕಟ್ಟಡದಿಂದ ಕಟ್ಟಡಕ್ಕೆ ಕೋನ ತುಸು ಬದಲಾಗುತ್ತದೆ. ಆದರೂ ಬೆಳಗು ಬೇಕೆನ್ನುವವರಿಗೆ ಪಶ್ಚಿಮದ ದಡ, ಸಂಜೆ ಬೇಕೆನ್ನುವವರಿಗೆ ಪೂರ್ವದ ದಡ. ನೀವು ಬೆಳಗಿನ ಮಾತು ಬರೆದಿದ್ದೀರಿ, ಆದ್ದರಿಂದ ಪಶ್ಚಿಮದ ದಡ ನೋಡಿ.

ಇನ್ನು ನಿಮ್ಮ ಯಜಮಾನರ ಆಕ್ಷೇಪಕ್ಕೆ. ಸಾರ್, ಅದು ನಿಮ್ಮ ಕಾಲುವೆಯ ನೀರಲ್ಲ. ಸಮುದ್ರ ಹತ್ತಿರವಿರುವುದರಿಂದ ಬ್ಯಾಂಕಾಕ್‌ನಲ್ಲಿ ಚಾವೊ ಫ್ರಯಾ ಉಬ್ಬರವಿಳಿತಕ್ಕೆ ಒಳಪಟ್ಟ ನದಿ. ಮಳೆಗಾಲದ ಸೆಳೆತ ಇಳಿದ ಮೇಲೆ ಕಿಟಕಿಯಲ್ಲಿ ಕುಳಿತು ಗಮನಿಸಿ, ಬೆಳಿಗ್ಗೆ ಕೆಳಕ್ಕೆ ತೇಲಿ ಹೋದ ಅಂತರಗಂಗೆಯ ರಾಶಿ ಉಬ್ಬರದ ಹೊತ್ತಿಗೆ ತಿರುಗಿ ಮೇಲಕ್ಕೆ ಬರುತ್ತದೆ. ಅದರ ನಡುವೆ ಒಂದು ಪುಟ್ಟ ಟಗ್ ದೋಣಿ, ಹಿಂದೆ ದಪ್ಪ ಹಗ್ಗಕ್ಕೆ ಬಿಗಿದ ಭಾರಿ ಬಾರ್ಜ್‌ಗಳ ಸಾಲು. ಖಾಲಿ ಬಾರ್ಜ್ ಮನೆಯೆತ್ತರ ಎದ್ದು ನಿಂತಿರುತ್ತದೆ, ಸರಕು ತುಂಬಿದ್ದು ಅಂಚೊಂದನ್ನೇ ನೀರಿನ ಮೇಲೆ ಉಳಿಸಿಕೊಂಡು ತೆವಳುತ್ತದೆ. ಹಿಂಬದಿಯ ತಗಡಿನ ಮಾಡಿನಡಿ ಒಂದು ಸಂಸಾರವೇ ಇರುವುದುಂಟು: ಒಣಗಲು ಹರವಿದ ಲುಂಗಿ, ಕುಂಡದಲ್ಲಿ ಮೆಣಸಿನ ಗಿಡ, ಅಂಚಿನಲ್ಲಿ ನಿಂತು ಬೊಗಳುವ ನಾಯಿ. ಇಬ್ಬರೂ ಮಾತಿಲ್ಲದೆ ಗಂಟೆಗಟ್ಟಲೆ ನೋಡಬಹುದು, ನಡುನಡುವೆ ಮಾತು ತಾನಾಗಿ ಹುಟ್ಟುತ್ತದೆ. ಊಟದ ದೋಣಿ ಹತ್ತಿದರೆ ಇದು ಸಿಕ್ಕುವುದಿಲ್ಲ. ಅಲ್ಲಿ ಸ್ಪೀಕರ್ ಕಿವಿಯ ಪಕ್ಕದಲ್ಲೇ ಇರುತ್ತದೆ.

ಆ ಸ್ಪೀಕರಿನ ಕಾರಣಕ್ಕೇ ಎತ್ತರದ ಮಹಡಿ ಕೇಳಿ. ಸಂಜೆ ಏಳರ ನಂತರ ಊಟದ ದೋಣಿಗಳು ಸಾಲಾಗಿ ಹೊರಡುತ್ತವೆ, ಕೆಳಗಿನ ಮಹಡಿಗಳಿಗೆ ಹಾಡು ಸ್ಪಷ್ಟವಾಗಿ ಕೇಳುತ್ತದೆ.

ಕೋಣೆ ಕಾದಿರಿಸಿದ ಮೇಲೆ ಹೋಟೆಲಿಗೆ ನೇರವಾಗಿ ಒಂದು ಇಮೇಲ್ ಬರೆಯಿರಿ. ಒಂದೇ ದೊಡ್ಡ ಹಾಸಿಗೆ ಬೇಕು, ಎರಡು ಮಂಚ ಜೋಡಿಸಿದ್ದು ಬೇಡ ಎಂದು ಬಿಡಿಸಿ ಹೇಳಿ. ಆನ್‌ಲೈನ್‌ನಲ್ಲಿ ಕಾದಿರಿಸುವಾಗ ಹಾಸಿಗೆಯ ಆಯ್ಕೆ ಎಷ್ಟೋ ಸಲ ಬರಿಯ ಕೋರಿಕೆಯಾಗಿ ಉಳಿಯುತ್ತದೆ, ಖಾತರಿಯಲ್ಲ. ಪಕ್ಕದ ಕೋಣೆಗೆ ತೆರೆಯುವ ಒಳಬಾಗಿಲು ಇಲ್ಲದ ಕೋಣೆ ಕೇಳಿ. ಆ ಬಾಗಿಲಿನ ಸಂದಿಯಿಂದ ಅಕ್ಕಪಕ್ಕದವರ ಮಾತೆಲ್ಲ ತೂರಿ ಬರುತ್ತದೆ, ನಿಮ್ಮ ಮಾತೂ ಅವರಿಗೆ ಹೋಗುತ್ತದೆ. ಲಿಫ್ಟ್‌ನಿಂದ ದೂರ ಇರಲಿ ಎಂದರೆ ಮೊಣಕಾಲಿನವರಿಗೆ ನಡಿಗೆ ಹೆಚ್ಚಾಗುತ್ತದೆ, ಅದನ್ನು ನೀವೇ ತೂಗಿ ನೋಡಿ. ಹೋಗುವ ಎರಡು ಮೂರು ದಿನ ಮುಂಚೆ ಅದೇ ಇಮೇಲನ್ನು ಮತ್ತೊಮ್ಮೆ ನೆನಪಿಸಿ. ಸಾಮಾನ್ಯವಾಗಿ ಯಾರಿಗೆ ಯಾವ ಕೋಣೆ ಎಂದು ಪಟ್ಟಿ ಕೂಡಿಸುವುದು ಆ ಹೊತ್ತಿಗೇ. ಮದುವೆಯಾಗಿ ಇಷ್ಟು ವರ್ಷಕ್ಕೆ ಇಬ್ಬರೇ ಬರುತ್ತಿದ್ದೇವೆ ಎಂದು ನಿಜವನ್ನೇ ಬರೆಯಿರಿ. ಪಟ್ಟಿ ಹಿಡಿದು ಕುಳಿತವರೂ ಮನುಷ್ಯರೇ, ಅಂಥ ಸಾಲು ಓದಿದರೆ ಮೂಲೆಯ ಕೋಣೆಯತ್ತ ಕೈ ತಾನಾಗಿ ಹೋಗುತ್ತದೆ. ನನ್ನ ಕೈ ಹೋಗಿದೆ.

ಹಾಸಿಗೆಯ ಮೇಲೆ ಗುಲಾಬಿ ಪಕಳೆ, ಟವೆಲಿನಲ್ಲಿ ಮಡಿಸಿದ ಹಂಸದ ಜೋಡಿ ಇಡಲೇ ಎಂದು ಕೇಳುತ್ತಾರೆ. ವಿನಯದಿಂದ ಬೇಡ ಎನ್ನಿ. ಪಕಳೆ ರಾತ್ರಿಯಿಡೀ ಬೆನ್ನಿಗೆ ಅಂಟುತ್ತದೆ. ಅದರ ಬದಲು ಕೊನೆಯ ದಿನ ಕೋಣೆ ಬಿಡುವ ಹೊತ್ತನ್ನು ಮುಂದೂಡಲು ಕೇಳಿ. ಮಧ್ಯಾಹ್ನ ಹನ್ನೆರಡು ಇದ್ದದ್ದು ಎರಡಾದರೂ ಆದರೆ ಅದಕ್ಕಿಂತ ದೊಡ್ಡ ಉಡುಗೊರೆ ಹೋಟೆಲಿನವರು ಕೊಡಲಾರರು.

ಹಣದ ವಿಷಯ ಚುಟುಕಾಗಿ. ದರದ ಮುಂದೆ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಶೇಕಡಾ 10 ಸೇವಾ ಶುಲ್ಕವೂ, ಆ ಮೊತ್ತದ ಮೇಲೆ ಶೇಕಡಾ 7 ತೆರಿಗೆಯೂ ಸೇರುತ್ತವೆ. 10,000 ಬಾತ್ ಎಂದು ಕಂಡದ್ದು 11,770 ಆಗುತ್ತದೆ. ಬಂದ ಕೂಡಲೇ ಠೇವಣಿಗೆಂದು ಕಾರ್ಡಿನಲ್ಲಿ ಒಂದು ಮೊತ್ತ ತಡೆಹಿಡಿಯುತ್ತಾರೆ, ಅದಕ್ಕೆ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ಹಣ ಖಾತೆಗೆ ಮರಳಲು ದಿನಗಳೇ ಹಿಡಿಯಬಹುದು.

ದಡದಾಚೆ ಉತ್ತರಿಸಿದ್ದು:

ನಾನು ಥೊನ್‌ಬುರಿಯಲ್ಲೇ ವಾಸವಾಗಿದ್ದೇನೆ, ಹುಟ್ಟಾ ಸಸ್ಯಾಹಾರಿ. ಇಲ್ಲಿ ಕಷ್ಟ ಮಾಂಸದ್ದಲ್ಲ, ಮೀನಿನ ಸಾರದ್ದು. 'ನಾಮ್ ಪ್ಲಾ' ಎಂಬ ಆ ರಸ ಬರಿಯ ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. 'ತರಕಾರಿ ಮಾತ್ರ' ಎಂದರೆ ಸಾಲದು, 'ಜೇ' ಎಂದು ಹೇಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿಗಳು ಅದೇ ಬಗೆಯವು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ದೊಡ್ಡ ಹೋಟೆಲಿನ ಅಡುಗೆಯವರಿಗೆ ಹಿಂದಿನ ದಿನ ತಿಳಿಸಿದರೆ ನಿಮಗಾಗಿಯೇ ಮಾಡಿಕೊಡುತ್ತಾರೆ, ಸಂಕೋಚ ಬೇಡ. ಮನೆಯೂಟದ ನೆನಪಾದರೆ ಸಿಲೋಮ್ ರಸ್ತೆಯ ಮಾರಿಯಮ್ಮನ ಗುಡಿಯ ಆಸುಪಾಸಿನಲ್ಲಿ ನಮ್ಮ ಕಡೆಯ ಊಟ ಸಿಗುತ್ತದೆ, ನದಿಯಿಂದ ಬಹಳ ದೂರವಿಲ್ಲ.

ಓಡಾಟಕ್ಕೆ ಟ್ಯಾಕ್ಸಿಯ ಗೋಜೇ ಬೇಡ. ನದಿದಡದ ದೊಡ್ಡ ಹೋಟೆಲುಗಳು ತಮ್ಮ ಅತಿಥಿಗಳಿಗೆ ಉಚಿತ ದೋಣಿ ಇಟ್ಟಿರುತ್ತವೆ, ಅದು ಸಾಥೊರ್ನ್ ಕಟ್ಟೆಗೆ ಬಿಡುತ್ತದೆ. ಮೇಲೆಯೇ ಸಫಾನ್ ತಾಕ್ಸಿನ್ ಸ್ಕೈಟ್ರೇನ್ ನಿಲ್ದಾಣ. ದೋಣಿಗೂ ಕಟ್ಟೆಗೂ ನಡುವಿನ ಸಂದಿ ಅಲೆಗೆ ಅಲುಗುತ್ತಿರುತ್ತದೆ. ಮೊಣಕಾಲು ನೋವಿನವರು ಅವಸರಪಡದೆ ಸಿಬ್ಬಂದಿಯ ಕೈ ಹಿಡಿದು ಇಳಿಯಲಿ.

ಒಂದು ಸಂಜೆ ವಾಟ್ ಅರುಣ್ ಎದುರಿನ ದಡದಲ್ಲಿ, ಥಾ ತಿಯೆನ್ ಕಡೆ ಕುಳಿತುಕೊಳ್ಳಿ. ಗೋಪುರದ ಮೈತುಂಬ ಅಂಟಿಸಿರುವುದು ಚೀನಾದ ಪಿಂಗಾಣಿಯ ಚೂರುಗಳು. ಸೂರ್ಯ ಅದರ ಹಿಂದೆ ಇಳಿದು ದೀಪ ಹೊತ್ತಿದ ಮೇಲೆ ಹೊರಡಿ. ಅರಮನೆಗೆ ಹೋಗುವುದಾದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಇರಲಿ. ಅಲ್ಲಿನ ವಾಟ್ ಫ್ರಾ ಕ್ಯೂ ದೇವಾಲಯದ ಮೊಗಸಾಲೆಯ ಗೋಡೆಗಳಲ್ಲಿ ಥಾಯ್ ರಾಮಾಯಣದ ಕಥೆ 178 ಚಿತ್ರಗಳಲ್ಲಿದೆ. ನೆರಳಿನಲ್ಲೇ ನಿಧಾನ ನಡೆಯಬಹುದು. ಬಾಗಿಲ ಬಳಿ ಯಾರಾದರೂ "ಇವತ್ತು ಅರಮನೆ ಮುಚ್ಚಿದೆ" ಎಂದರೆ ನಂಬದೆ ಮುಂದೆ ನಡೆಯಿರಿ. ಟುಕ್‌ಟುಕ್ ಹತ್ತಿಸಿ ಅಂಗಡಿಗಳಿಗೆ ಕರೆದೊಯ್ಯುವವರ ಹಳೆಯ ಮಾತು ಅದು.

ಸಂಜೆಮಲ್ಲಿಗೆ ಬರೆದದ್ದು:

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಉಬ್ಬರವಿಳಿತದ ಭಾಗವನ್ನು ನಮ್ಮವರಿಗೆ ಓದಿ ಹೇಳಿದೆ. ಕನ್ನಡಕ ಹಾಕಿಕೊಂಡು ಮತ್ತೆ ತಾವೇ ಓದಿದರು. ಆಮೇಲೆ ಆ ನದಿಯ ನಕ್ಷೆ ತೆಗೆದುಕೊಂಡು ಕುಳಿತವರು ಊಟಕ್ಕೆ ಕರೆದರೂ ಏಳಲಿಲ್ಲ. ಪಶ್ಚಿಮದ ದಡ, ಮೂರು ರಾತ್ರಿ ಎಂದು ಅವರೇ ಹೇಳಿದರು. ನನಗೆ ಎಷ್ಟು ಸಂತೋಷವಾಗಿದೆ ಎಂದು ಇಲ್ಲಿ ಬರೆದರೆ ಕಡಿಮೆಯೇ.

ಇನ್ನೊಂದು ಪ್ರಶ್ನೆ. ಬೆಂಗಳೂರಿನಿಂದ ಮಧ್ಯರಾತ್ರಿಯ ವಿಮಾನ ಅಗ್ಗವಾಗಿದೆ. ನಸುಕಿಗೇ ಇಳಿಯುತ್ತೇವೆ. ಕೋಣೆ ಕೊಡುವುದು ಮಧ್ಯಾಹ್ನ ಮೂರಕ್ಕಂತೆ. ಅಲ್ಲಿಯವರೆಗೆ ಏನು ಮಾಡುವುದು? ಹಾಗೆಯೇ, ಒಂದು ವಾರ ಮುಂಚೆ ಹೋದರೆ ಲೋಯ್ ಕ್ರಥೋಂಗ್ ಹಬ್ಬ ಸಿಗುತ್ತದೆ ಎಂದು ಗೆಳತಿ ಹೇಳುತ್ತಾಳೆ. ದಿನ ಬದಲಿಸಲೇ?

ಹಳೆಯ ರಿಸೆಪ್ಷನ್ ಉತ್ತರಿಸಿದ್ದು:

ಮಧ್ಯರಾತ್ರಿಯ ವಿಮಾನ ಬೇಡ. ನಾಲ್ಕು ಗಂಟೆಯ ಹಾರಾಟ, ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನಿದ್ದೆಗೆಟ್ಟು ಇಳಿದು, ಲಾಬಿಯ ಸೋಫಾದಲ್ಲಿ ತೂಕಡಿಸುತ್ತಾ ಒಬ್ಬರ ಮೇಲೊಬ್ಬರು ರೇಗುವ ಜೋಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊದಲ ದಿನ ಹಾಗೆ ಕೆಟ್ಟರೆ ಮನಸ್ಸು ಸರಿಹೋಗುವಷ್ಟರಲ್ಲಿ ಮರುದಿನವೂ ಅರ್ಧ ಕಳೆದಿರುತ್ತದೆ. ಮೂರೇ ರಾತ್ರಿಯಲ್ಲಿ ಅದು ದೊಡ್ಡ ನಷ್ಟ. ಮಧ್ಯಾಹ್ನ ಇಳಿಯುವ ವಿಮಾನಕ್ಕೆ ಸ್ವಲ್ಪ ಹೆಚ್ಚು ಕೊಡಿ. ಅದು ಹೊಂದದಿದ್ದರೆ ಹೋಟೆಲಿಗೆ ಬರೆದು, ಬೆಳಿಗ್ಗೆಯೇ ಕೋಣೆ ಕೊಡಲು ಎಷ್ಟಾಗುತ್ತದೆ ಎಂದು ಮುಂಚಿತವಾಗಿ ಕೇಳಿ. ಏನೂ ಸಾಧ್ಯವಾಗದಿದ್ದರೆ ಸಾಮಾನು ಅಲ್ಲಿ ಒಪ್ಪಿಸಿ, ಈಜುಕೊಳದ ಬಳಿಯ ಸ್ನಾನದ ಕೋಣೆ ಬಳಸಬಹುದೇ ಎಂದು ವಿಚಾರಿಸಿ. ಬಹಳ ಕಡೆ ಒಪ್ಪುತ್ತಾರೆ. ಒಂದು ಜೊತೆ ತೆಳು ಬಟ್ಟೆ ಕೈಚೀಲದಲ್ಲೇ ಇರಲಿ.

ಲೋಯ್ ಕ್ರಥೋಂಗ್ ಬರುವುದು ಹೆಚ್ಚುಕಡಿಮೆ ನಮ್ಮ ಕಾರ್ತಿಕ ಹುಣ್ಣಿಮೆಗೇ. ಬಾಳೆದಿಂಡಿನ ಬಿಲ್ಲೆಯ ಸುತ್ತ ಎಲೆ ಮಡಿಸಿ, ಹೂವು, ಊದುಬತ್ತಿ, ಮೇಣದ ದೀಪ ಇಟ್ಟು ನದಿಗೆ ಬಿಡುತ್ತಾರೆ. ಕಣ್ತುಂಬ ನೋಡುವಂಥದ್ದು, ಸಂಶಯವಿಲ್ಲ. ಆದರೆ ಆ ರಾತ್ರಿ ನದಿದಡದ ದರ ಏರುತ್ತದೆ, ಕಟ್ಟೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ದೋಣಿಗೆ ಸಾಲು ನಿಲ್ಲಬೇಕು. ನೀವು ಬರೆದದ್ದೆಲ್ಲ ಓದಿದ ಮೇಲೆ ನನ್ನ ಸಲಹೆ: ಡಿಸೆಂಬರಿಗೇ ಹೋಗಿ. ಮಳೆ ನಿಂತಿರುತ್ತದೆ, ಬೆಳಗಿನ ಗಾಳಿ ಹಗುರವಾಗಿರುತ್ತದೆ.

ಅಲ್ಲಿ ಇಳಿಯುವ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಪತ್ರ ತುಂಬುವುದನ್ನು ಮರೆಯಬೇಡಿ. 2025ರ ಮೇ 1ರಿಂದ ಅದು ಕಡ್ಡಾಯ. ಥಾಯ್ ವಲಸೆ ಇಲಾಖೆಯ ಜಾಲತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ಪುಟ ಕಂಡರೆ ಮುಚ್ಚಿಬಿಡಿ. ಅದರಲ್ಲಿ ಹೋಟೆಲಿನ ವಿಳಾಸ ಬರೆಯಬೇಕಾಗುತ್ತದೆ, ಕಾದಿರಿಸಿದ ಪತ್ರವನ್ನು ಎದುರಿಗಿಟ್ಟುಕೊಂಡೇ ಕುಳಿತುಕೊಳ್ಳಿ.