ಪದಚರ್ಚೆ: ‘ಯೂಸರ್ ಫ್ರೆಂಡ್ಲಿ ಇಂಟರ್ಫೇಸ್’ಗೆ ಕನ್ನಡ, ಇಂದು ರಾತ್ರಿಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯಿಂದ ನಡೆಯುವ, ಅಂಗೈಯಲ್ಲಿ ಹಿಡಿಯುವ ಸಾಧನದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಒಪ್ಪಿಸಬೇಕು. ಪೈನ್‌ಫೋನ್ ಎಂಬ ಫೋನಿಗೆ ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹಾಕುವವರು ಫಾಶ್, ಪ್ಲಾಸ್ಮಾ ಮೊಬೈಲ್, ಎಸ್‌ಎಕ್ಸ್‌ಎಂಒ ಮೊದಲಾದ ಇಂಟರ್ಫೇಸ್‌ಗಳಲ್ಲಿ, ಅಂದರೆ ಸಾಧನದೊಡನೆ ನಾವು ವ್ಯವಹರಿಸುವ ಏರ್ಪಾಡುಗಳಲ್ಲಿ, ಒಂದನ್ನು ಆರಿಸಿಕೊಳ್ಳಬೇಕು. ಆ ಅಧ್ಯಾಯಕ್ಕೆ ‘ಬಳಕೆದಾರಸ್ನೇಹಿ ಅಂತರಸಂಪರ್ಕದ ಆಯ್ಕೆ’ ಎಂದು ತಲೆಬರಹ ಕೊಟ್ಟೆ. ಓದಿದ ಅಮ್ಮ ‘ಯಾರಿಗೂ ಯಾರಿಗೂ ಸಂಪರ್ಕ?’ ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಬೇರೆ ಪದ ಕೊಡುವಿರಾ?

— ಅಮ್ಮನವರ ಪ್ರಶ್ನೆ ಸರಿಯಾಗಿಯೇ ಇದೆ. ‘ಅಂತರಸಂಪರ್ಕ’ ಕೈಬಿಡಿ. ‘ಅಂತರ’ ಎಂದರೆ ನಮಗೆ ದೂರ. ‘ಅಂತರ ಕಾಯ್ದುಕೊಳ್ಳಿ’ ಎಂದು ವಾಹನಗಳ ಹಿಂದೆ ಬರೆಯುವುದು ಅದಕ್ಕೇ. ‘ಅಂತರಮುಖ’ವೂ ಬೇಡ, ಅದನ್ನು ಅಂತರ್ಮುಖ ಎಂದೇ ಓದುತ್ತಾರೆ. ‘ತೆರೆ’ಯನ್ನು ಹಿಡಿದು ಪದ ಕಟ್ಟಲೂ ಬರುವುದಿಲ್ಲ: ಎಸ್‌ಎಕ್ಸ್‌ಎಂಒದಲ್ಲಿ ತೆರೆಯನ್ನು ಮುಟ್ಟದೆ, ಬದಿಯ ಮೂರು ಗುಂಡಿಗಳನ್ನು ಒತ್ತುತ್ತಲೇ ಪಟ್ಟಿಯಿಂದ ಪಟ್ಟಿಗೆ ಹೋಗಬಹುದು.

‘ಬಳಸು’ ನಮ್ಮಲ್ಲೇ ಇದೆ. ‘ಬೆಟ್ಟವನ್ನು ಬಳಸಿ ಹೋದರು’ ಎನ್ನುವಾಗ ಸುತ್ತುವುದು, ‘ಬಳಕೆಯ ಜನ’ ಎನ್ನುವಾಗ ಒಡನಾಟ, ಆಮೇಲೆ ಉಪಯೋಗ. ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಕೂಡ ಅಂಗೈಯ ಲಿನಕ್ಸ್ ಸಾಧನವೇ. ಒಂದನ್ನೇ ಹಲವರು ಹಂಚಿಕೊಳ್ಳಲಿ, ಅವರವರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬುದು ಅದರ ಆಶಯವಾಗಿತ್ತು. ಕೈಯಿಂದ ಕೈಗೆ ಸುತ್ತುವ ಅಂಥ ವಸ್ತುವಿಗೆ ‘ಬಳಕೆ’ಗಿಂತ ಒಪ್ಪುವ ಮಾತು ನನಗೆ ಕಾಣದು. ‘ಬಳಕೆಯ ಬಗೆ’ ಎಂದು ಬರೆಯಿರಿ.

— ‘ಬಳಕೆಯ ಬಗೆ’ ಒಪ್ಪಿದೆ. ಆದರೆ ‘ಬಳಕೆದಾರಸ್ನೇಹಿ’ಯ ಬಗ್ಗೆ ಯಾರೂ ಏಕೆ ಮಾತನಾಡುತ್ತಿಲ್ಲ? ಬಳಕೆ ಕನ್ನಡ, ದಾರ ಪಾರಸಿ, ಸ್ನೇಹಿ ಸಂಸ್ಕೃತ. ಇದು ಅರಿಸಮಾಸಕ್ಕಿಂತಲೂ ಕಡೆ. ‘ಬಳಸುಗ’ ಎನ್ನಲು ನಾಚಿಕೆ ಏಕೆ?

— ನಾಚಿಕೆಯ ಮಾತಲ್ಲ. ಪಾಲುದಾರ, ಗುತ್ತಿಗೆದಾರ ಇವುಗಳಲ್ಲಿಯೂ ಕನ್ನಡಕ್ಕೆ ಪಾರಸಿಯ ದಾರವೇ ಹತ್ತಿದೆ. ಅವನ್ನು ಪಹಣಿಯಿಂದಲೂ ಕರಾರುಪತ್ರದಿಂದಲೂ ಕಿತ್ತುಹಾಕುವಿರಾ? ‘ಪಹಣಿ’, ‘ಕರಾರು’ಗಳನ್ನೂ ಆಮೇಲೆ ಕೀಳಬೇಕಾಗುತ್ತದೆ. ನನ್ನ ತಕರಾರು ‘ಸ್ನೇಹಿ’ಯ ಮೇಲೆ, ಅದು ಸಂಸ್ಕೃತವೆಂದಲ್ಲ. ಇಂಗ್ಲಿಷಿನ ‘ಫ್ರೆಂಡ್ಲಿ’ಯನ್ನು ಹಾಗೆಯೇ ಎತ್ತಿ ತಂದದ್ದು. ಚಪ್ಪಲಿ ಕಾಲಿಗೆ ಒಗ್ಗುತ್ತದೆ, ನೀರು ಮೈಗೆ ಒಗ್ಗುತ್ತದೆ. ಅವು ನಮಗೆ ಸ್ನೇಹಿತರಾಗುವುದಿಲ್ಲ.

— ಹಾಗಾದರೆ ‘ಇಂಟರ್ಫೇಸ್’ ಎಂದೇ ಇಟ್ಟರೆ ತಪ್ಪೇನು? ‘ಸಾಫ್ಟ್‌ವೇರ್’ ಉಳಿಯಲಿಲ್ಲವೇ?

— ‘ಸಾಫ್ಟ್‌ವೇರ್’ ಜನರ ಬಾಯಲ್ಲಿದೆ. ‘ಇಂಟರ್ಫೇಸ್’ ತಂತ್ರಜ್ಞರ ಬಾಯಲ್ಲಿ ಮಾತ್ರ ಇದೆ. ಕೈಪಿಡಿ ಬರೆಯುತ್ತಿರುವುದು ತಂತ್ರಜ್ಞರಿಗಲ್ಲ.

— ಎಲ್ಲರಿಗೂ ವಂದನೆಗಳು. ತಲೆಬರಹವನ್ನು ‘ನಿಮಗೆ ಒಗ್ಗುವ ಬಳಕೆಯ ಬಗೆಯನ್ನು ಆರಿಸಿ’ ಎಂದು ತಿದ್ದಿದೆ. ಅಮ್ಮನಿಗೆ ಓದಿ ಹೇಳಿದೆ. ಈ ಸಲ ‘ಎಷ್ಟು ಬಗೆ ಇವೆ?’ ಎಂದು ಕೇಳಿದರು.